ಒಂದೇ ಬಾಗಿಲ ಹಲವು ಯಂತ್ರಗಳು

ಅವಿಭಕ್ತ ಕುಟುಂಬದ ಮನೆಗೆ ಬಾಗಿಲ ಸಂಖ್ಯೆ ಒಂದೇ, ಒಳಗಿರುವವರು ಹಲವರು. ಅಂಚೆಯವನು ಕಾಗದವನ್ನು ಹೊಸ್ತಿಲವರೆಗೆ ತರಬಲ್ಲನು. ಅದು ನಡುಮನೆಯ ಅಜ್ಜನಿಗೋ ಅಟ್ಟದ ಮೇಲೆ ಓದುತ್ತಿರುವ ಮೊಮ್ಮಗಳಿಗೋ ಎಂಬುದನ್ನು ಮನೆಯವರೇ ನೋಡಿ ತಲುಪಿಸಬೇಕು. ಒಂದು ಅಂತರಜಾಲ ಸಂಪರ್ಕವನ್ನು ಮನೆಯ ಹಲವು ಗಣಕಯಂತ್ರಗಳು ಹಂಚಿಕೊಳ್ಳುವಾಗಲೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಅಲ್ಲಿ ಕಾಗದ ಹಂಚುವ ಹೊಣೆ ರೂಟರ್ ಎಂಬ ಚಿಕ್ಕ ಪೆಟ್ಟಿಗೆಯದು.

ಅಂತರಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಂಚರಿಸುತ್ತದೆ. ಪ್ರತಿಯೊಂದರ ಮೇಲೂ ಕಳುಹಿಸಿದ ಮತ್ತು ಪಡೆಯಬೇಕಾದ ಯಂತ್ರಗಳ ವಿಳಾಸಗಳಿರುತ್ತವೆ. 1981ರಲ್ಲಿ ಈ ವಿಳಾಸಗಳ ಕ್ರಮವನ್ನು ನಿಗದಿಪಡಿಸಿದವರು ಒಂದೊಂದು ವಿಳಾಸಕ್ಕೂ 32 ದ್ವಿಮಾನ ಅಂಕಿಗಳನ್ನು ಇಟ್ಟರು. ಇದರಿಂದ ದೊರೆಯುವ ವಿಳಾಸಗಳು 429 ಕೋಟಿಗಿಂತ ತುಸು ಹೆಚ್ಚು. ಅಂದು ಅದೊಂದು ಅಕ್ಷಯಪಾತ್ರೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಹದಿನೈದು ವರ್ಷ ತುಂಬುವ ಮೊದಲೇ ಪಾತ್ರೆಯ ತಳ ಕಾಣುವ ಭಯ ಹುಟ್ಟಿತು. 1994ರಲ್ಲಿ ಕೆ. ಎಗೆವಾಂಗ್ ಮತ್ತು ಪಿ. ಫ್ರಾನ್ಸಿಸ್ ಎಂಬ ಇಬ್ಬರು ತಂತ್ರಜ್ಞರು ವಿಳಾಸ ಬದಲಿಸುವ ಉಪಾಯವೊಂದನ್ನು ವಿವರಿಸಿ ಪ್ರಕಟಿಸಿದರು.

ಈ ಉಪಾಯದಂತೆ ಮನೆಯೊಳಗಿನ ಯಂತ್ರಗಳಿಗೆ ಒಳಬಳಕೆಯ ವಿಳಾಸಗಳಿರುತ್ತವೆ. ಇವು ಸಾಮಾನ್ಯವಾಗಿ 192.168 ಎಂದು ಮೊದಲಾಗುತ್ತವೆ. ಅದೇ ವಿಳಾಸ ನೆರೆಮನೆಯಲ್ಲಿಯೂ ಇರಬಹುದು. ಊರೂರಿಗೂ ಇರುವ ಹನುಮಂತನ ಗುಡಿಯಂತೆ, ಬರಿಯ ಹೆಸರು ಹೇಳಿದರೆ ಯಾವುದೆಂದು ಹೊರಗಿನವರಿಗೆ ತಿಳಿಯದು. ಹೊರಗೆ ಸಲ್ಲುವ ನಿಜವಾದ ವಿಳಾಸವು ರೂಟರಿಗೆ ಮಾತ್ರ ಇರುತ್ತದೆ.

ಅಕ್ಕ ಮತ್ತು ತಮ್ಮ ತಮ್ಮ ತಮ್ಮ ಯಂತ್ರಗಳಿಂದ ಒಂದೇ ಜಾಲತಾಣವನ್ನು ಒಂದೇ ಗಳಿಗೆಯಲ್ಲಿ ತೆರೆದರೆನ್ನೋಣ. ಅಕ್ಕನ ಪೊಟ್ಟಣ ಬಂದೊಡನೆ ರೂಟರ್ ಅದರ ಮೇಲಿನ ಒಳವಿಳಾಸವನ್ನು ಅಳಿಸಿ ತನ್ನ ವಿಳಾಸವನ್ನು ಬರೆಯುತ್ತದೆ. ಜೊತೆಗೆ ಪೋರ್ಟ್ ಎಂಬ ಇನ್ನೊಂದು ಸಂಖ್ಯೆಯನ್ನು, 40001 ಎಂದಿಟ್ಟುಕೊಳ್ಳಿ, ಸೇರಿಸುತ್ತದೆ. ತಮ್ಮನ ಪೊಟ್ಟಣಕ್ಕೆ 40002. ಯಾವ ಸಂಖ್ಯೆ ಯಾವ ಯಂತ್ರದ್ದೆಂಬುದು ರೂಟರಿನ ಪಟ್ಟಿಯಲ್ಲಿ ದಾಖಲಾಗುತ್ತದೆ. 40001ಕ್ಕೆ ಉತ್ತರ ಬಂದಾಗ ಅದು ಪಟ್ಟಿಯನ್ನು ನೋಡಿ, ಅಕ್ಕನ ಯಂತ್ರದ ವಿಳಾಸವನ್ನು ಮತ್ತೆ ಬರೆದು, ಒಳಗೆ ಕಳುಹಿಸುತ್ತದೆ. ಮಾತುಕತೆ ನಿಂತು ಸ್ವಲ್ಪ ಕಾಲವಾದ ಮೇಲೆ ಆ ದಾಖಲೆ ಅಳಿಯುತ್ತದೆ. ಸಂಪರ್ಕದ ವೇಗ ಮಾತ್ರ ಹಂಚಿಹೋಗುತ್ತದೆ.

ಆದರೆ ಈ ಅನುಕೂಲಕ್ಕೆ ತೆತ್ತ ಬೆಲೆಯೂ ಉಂಟು. ಹೊರಗಿನಿಂದ ಯಾರಾದರೂ ತಾವಾಗಿಯೇ ಪೊಟ್ಟಣ ಕಳುಹಿಸಿದರೆ ಪಟ್ಟಿಯಲ್ಲಿ ಅದರ ದಾಖಲೆ ಇರುವುದಿಲ್ಲ; ರೂಟರ್ ಅದನ್ನು ಬಿಟ್ಟುಬಿಡುತ್ತದೆ. ಇದರಿಂದ ಮನೆಗೆ ಒಂದಿಷ್ಟು ರಕ್ಷಣೆ ದೊರೆಯಿತೆಂಬುದು ನಿಜ. ಆದರೆ ಯಾವ ಯಂತ್ರವು ಯಾವುದನ್ನಾದರೂ ನೇರವಾಗಿ ಕರೆಯಬಹುದೆಂಬ ಮೂಲ ವಿಚಾರಕ್ಕೆ ಭಂಗ ಬಂದಿತು. ಮನೆಯ ಯಂತ್ರವು ಹೊರಗೆ ಕೇಳಬಲ್ಲದು. ಅದನ್ನು ಹೊರಗಿನವರು ಕೂಗಿ ಕರೆಯಲಾರರು. ಬೇರೆ ಬೇರೆ ಮನೆಗಳ ಇಬ್ಬರು ಮುಖ ನೋಡಿ ಮಾತಾಡಬೇಕಾದರೂ ಮೂರನೆಯ ಯಂತ್ರವೊಂದು ಅನೇಕ ವೇಳೆ ನಡುವೆ ನಿಂತು ಸಂಪರ್ಕ ಕಲ್ಪಿಸಬೇಕಾಗುತ್ತದೆ.

2011ರ ಫೆಬ್ರವರಿಯಲ್ಲಿ ಹಳೆಯ ವಿಳಾಸಗಳ ಕೇಂದ್ರ ದಾಸ್ತಾನು ಮುಗಿಯಿತು. 128 ಅಂಕಿಗಳ ಹೊಸ ವಿಳಾಸಗಳು ಅಷ್ಟರಲ್ಲಿ ಸಿದ್ಧವಾಗಿದ್ದವು; ಈಗ ಎರಡೂ ಜೊತೆಜೊತೆಗೆ ಬಳಕೆಯಲ್ಲಿವೆ. ಹೊಸ ಕ್ರಮದಲ್ಲಿ ಮನೆಯ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ದೊರೆಯುವುದರಿಂದ ರೂಟರ್ ಏನನ್ನೂ ತಿದ್ದಿ ಬರೆಯಬೇಕಾಗಿಲ್ಲ. ಬಾಗಿಲಲ್ಲಿ ಕಾವಲಿರುವ ಕೆಲಸ ಮಾತ್ರ ಅದಕ್ಕೆ ತಪ್ಪಿಲ್ಲ.