ಕೂಗಿದರೆ ಹಿಮ ಕುಸಿಯುವುದಿಲ್ಲ ಮಾರಾಯ್ರೆ

ಮಣಿಪಾಲ, ಕಾರ್ಕಳದ ಕಾಲೇಜು ಹುಡುಗರು ಡಿಸೆಂಬರ್ ರಜೆಗೆ ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಡುವುದು ಈಗ ಮಾಮೂಲು. ಬೂಟು, ಜಾಕೆಟ್ಟು ಬಾಡಿಗೆಗೆ ಸಿಗುತ್ತವೆ, ಉಪದೇಶ ಪುಕ್ಕಟೆ. ಅದರಲ್ಲಿ ತಪ್ಪದೆ ಬರುವುದೊಂದು: ‘ಅಲ್ಲಿ ಬೊಬ್ಬೆ ಹೊಡೀಬೇಡಿ ಮಾರಾಯ್ರೆ, ಹಿಮ ಮೈಮೇಲೆ ಬರ್ತದೆ.’ ಕಾಪುವಿನ ಕಡಲ ತಡಿಯಲ್ಲಿ ಬೆಳೆದು, ಫ್ರಿಜ್ಜಿನೊಳಗಲ್ಲದೆ ಬೇರೆಲ್ಲೂ ಹಿಮ ಕಾಣದವರೂ ಇದನ್ನು ಖಡಾಖಂಡಿತವಾಗಿ ಹೇಳುತ್ತಾರೆ. ಗುರು ಯಾರೆಂದರೆ ಸಿನಿಮಾ.

ಲೆಕ್ಕ ಸರಳ. ಗಂಟಲು ಹರಿಯುವಂತೆ ಕೂಗಿದರೂ ಒಂದು ಮೀಟರ್ ಆಚೆ ಆ ಸದ್ದಿನ ಒತ್ತಡ ಒಂದೆರಡು ಪಾಸ್ಕಲ್. ಎಪ್ಪತ್ತು ಕಿಲೋ ತೂಗುವವನು ಸುಮ್ಮನೆ ನಿಂತರೂ ಬೂಟಿನಡಿ ಬೀಳುವ ಒತ್ತಡ ಹತ್ತು ಸಾವಿರ ಪಾಸ್ಕಲ್ ದಾಟುತ್ತದೆ. ಹಿಮಕ್ಕೆ ಭಾರ ಬಾಯಿಯದ್ದಲ್ಲ, ಕಾಲಿನದ್ದು. ಒಂದಕ್ಕೊಂದು ಅಂಟದ ಹರಳುಗಳ ಸಡಿಲ ಪದರದ ಮೇಲೆ ಗಾಳಿ ತಂದು ಒತ್ತಿದ ಹೊಸ ಹಿಮ ಹಾಳೆಯಾಗಿ ಕೂತಿರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಂಥ ಕಡೆ ಒಬ್ಬ ಹೆಜ್ಜೆಯಿಟ್ಟರೆ ಅಡಿಯ ಪದರ ಮುರಿಯುತ್ತದೆ, ಮೇಲಿನ ಹಾಳೆ ಇಡಿಯಾಗಿ ಜಾರುತ್ತದೆ. ಚಾರಣಿಗರು, ಸ್ಕೀಯರ್‌ಗಳು ಸತ್ತ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಕುಸಿತ ಎಬ್ಬಿಸಿದ್ದು ಸತ್ತವರೇ, ಇಲ್ಲವೇ ಅವರ ಜತೆಗಾರರೇ.

ಆಗುಂಬೆ ಘಾಟಿಯ ತಿರುವು ತಿರುವಿಗೂ ಬಸ್ಸಿನವರು ಹಾರ್ನ್ ಬಾರಿಸುತ್ತಾರೆ, ಹಾರ್ನ್‌ಗೆ ಗುಡ್ಡ ಜರಿಯಿತೆಂದು ಹೆಬ್ರಿಯಲ್ಲಿ ಯಾರೂ ಹೇಳುವುದಿಲ್ಲ. ಜರಿಯುವುದು ಆಷಾಢದ ಮಳೆಗೆ ಮಣ್ಣು ನೀರು ಕುಡಿದಾಗ. ಇಲ್ಲಿ ಅರ್ಥವಾಗುವ ಸಂಗತಿ ಉತ್ತರಾಖಂಡ ತಲುಪುವಾಗ ಏಕೆ ಮರೆಯಾಗುತ್ತದೋ! ಮೂಢನಂಬಿಕೆಯ ದೊಡ್ಡ ಅನುಕೂಲವೇ ಇದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇಳಿಜಾರು ಅಳೆಯುವ, ನಿನ್ನೆ ಎಷ್ಟು ಹಿಮ ಬಿತ್ತೆಂದು ವಿಚಾರಿಸುವ ತಾಪತ್ರಯವಿಲ್ಲ. ನಿಜಕ್ಕಾದರೆ ಹಿಮ ಬಿರಿದದ್ದು ಕಂಡೊಡನೆ ಜತೆಗಾರರಿಗೆ ಕೇಳುವಂತೆ ಕೂಗಲೇಬೇಕು.

ಉಳಿದ ನಂಬಿಕೆಗಳೂ ಕಡಿಮೆಯಿಲ್ಲ. ಬಿಸಿಲು ಬಂದರೆ ಅಪಾಯ ಮುಗಿಯಿತಂತೆ: ಹಿಮ ಬಿದ್ದ ಮರುದಿನದ ತಿಳಿ ಆಕಾಶವೇ ಎಷ್ಟೋ ಜನರನ್ನು ಕೆಟ್ಟ ಇಳಿಜಾರಿಗೆ ಎಳೆದಿದೆ. ಹತ್ತು ಜನ ನಡೆದ ದಾರಿ ಸುರಕ್ಷಿತವಂತೆ: ಪದರ ಹನ್ನೊಂದನೆಯವನ ಕಾಲಡಿಯೂ ಮುರಿಯಬಹುದು. ಅನುಭವಿ ಇದ್ದರೆ ಚಿಂತೆಯಿಲ್ಲವಂತೆ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಕ್ಕಿ 29 ಮಂದಿ ಬಲಿಯಾದರು, ಕರ್ನಾಟಕದವರೂ ಅವರಲ್ಲಿದ್ದರು. ಅದೇ ವರ್ಷ ಮೇನಲ್ಲಿ ಎವರೆಸ್ಟ್ ಏರಿ ಬಂದಿದ್ದ ತರಬೇತುದಾರೆ ಸವಿತಾ ಕನ್ಸ್ವಾಲ್ ಕೂಡ ಉಳಿಯಲಿಲ್ಲ.

ಇನ್ನು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದಲ್ಲಿ ಹತ್ತು ಸೈನಿಕರು ಹಿಮದಡಿ ಹೂತುಹೋದರು. ಆರನೇ ದಿನ ಇವರೊಬ್ಬರೇ ಜೀವಂತ ಸಿಕ್ಕರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಪ್ರಾಣಾಯಾಮ ಬಲ್ಲವನಿಗೆ ಹಿಮವೇನು ಮಾಡೀತು ಎಂಬ ಮಾತು ಆಗ ಹುಟ್ಟಿದ್ದು ಇನ್ನೂ ಸತ್ತಿಲ್ಲ. ಕುಸಿದ ಡೇರೆಯೊಳಗೆ ಗಾಳಿ ಉಳಿದಿತ್ತೆಂಬುದೇ ಅಂದು ಕೇಳಿಬಂದ ವಿವರಣೆ. ಚಾರಣಿಗನಿಗೆ ಡೇರೆಯ ಆಸರೆ ಎಲ್ಲಿಂದ? ಮುಳುಗಿದವನನ್ನು ಮೊದಲ ಹತ್ತು ನಿಮಿಷದಲ್ಲಿ ಅಗೆದು ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, ಅರ್ಧ ಗಂಟೆ ಕಳೆದರೆ ಮೂರರಲ್ಲಿ ಒಬ್ಬ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ಹಾಗಾಗಿ ಪ್ರತಿಯೊಬ್ಬರ ಬಳಿ ಹೂತವರ ಜಾಗ ತೋರಿಸುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಇರಬೇಕು. ಅನುಮಾನದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು.

ಚಂಡೀಗಢದ ರಕ್ಷಣಾ ಸಂಶೋಧನಾಲಯ ಡಿಜಿಆರ್‌ಇ ಚಳಿಗಾಲದಲ್ಲಿ ಉತ್ತರಕಾಶಿ, ಚಮೋಲಿಯಂಥ ಜಿಲ್ಲೆಗಳಿಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಮುಂಗಡ ಕಟ್ಟುವ ಮುಂಚೆ ಏಜೆನ್ಸಿಯವರನ್ನು ಕೇಳಬೇಕಾದ್ದು ಊಟಕ್ಕೆ ಪಲ್ಯವೋ ಪನೀರೋ ಎಂದಲ್ಲ. ಈ ಮುನ್ಸೂಚನೆಯನ್ನು ಬೆಳಿಗ್ಗೆ ಯಾರು ನೋಡುತ್ತಾರೆ, ಅದು ಕೆಟ್ಟದ್ದಿದ್ದರೆ ತಂಡ ಹಿಂತಿರುಗುತ್ತದೆಯೇ, ಆಗ ಹಣ ವಾಪಸು ಕೊಡುತ್ತಾರೆಯೇ ಎಂದು.