ಯಾವಾಗ ಹೀಟ್ ಆಗುತ್ತದೆ?

ಹಳೆಯ ಕಾರು ಪದೇ ಪದೇ ಹೀಟ್ ಆಗುತ್ತಿದೆ ಎಂದು ಗ್ಯಾರೇಜಿಗೆ ಒಯ್ದರೆ ಕೆಲವು ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿದವರೇ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಕೈಗೆ ಕೊಟ್ಟು, 'ಇನ್ನೇನೂ ತೊಂದ್ರೆ ಇಲ್ಲ ಸಾರ್' ಎಂದುಬಿಡುತ್ತಾರೆ. ಇನ್ನು ಕೆಲವರು ಬಾನೆಟ್ ಮುಟ್ಟುವ ಮೊದಲು ಒಂದು ಮಾತು ಕೇಳುತ್ತಾರೆ: 'ಯಾವಾಗ ಹೀಟ್ ಆಗುತ್ತೆ?' ಈ ಪ್ರಶ್ನೆ ಕೇಳುವವರ ಬಳಿ ಕಾರು ಬಿಡುವುದು ಒಳ್ಳೆಯದು. ಅರ್ಧ ರೋಗಪತ್ತೆ ಅಲ್ಲೇ ಮುಗಿದಿರುತ್ತದೆ.

ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಬೀಳುತ್ತದೆ, ಇನ್ನೊಂದು ಪಾಲು ಸಿಲಿಂಡರಿನ ಗೋಡೆಗೂ ಹೆಡ್ಡಿಗೂ ಇಳಿಯುತ್ತದೆ. 796 ಸಿಸಿಯ ಮಾರುತಿ 800 ಏರು ಹತ್ತುತ್ತ 20 ಕಿಲೋವ್ಯಾಟ್ ಶಕ್ತಿ ಕೊಡುತ್ತಿದೆ ಎನ್ನಿ. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ಕೂಲೆಂಟ್ ಹೊತ್ತು ಸಾಗಿಸಬೇಕು. ಸ್ನಾನದ ಮನೆಯ ಹತ್ತು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟಾಯಿತು. ಸಿಲಿಂಡರಿನೊಳಗೆ ಉರಿಯುವ ಅನಿಲ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಲ್ಯೂಮಿನಿಯಂ ಕರಗುವುದು 660ಕ್ಕೆ. ಶಾಖ ಸಾಗಿಸುವ ಕೆಲಸ ಸ್ವಲ್ಪ ಹೊತ್ತು ನಿಂತರೂ ಪೆಟ್ಟು ಬೀಳುವುದು ಲೋಹಕ್ಕೆ.

ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಟೆಂಪರೇಚರ್ ಮೀಟರಿನ ಮುಳ್ಳು ಏರಿ, ಗಾಡಿ ಓಡತೊಡಗಿದಂತೆ ಇಳಿಯುತ್ತಿದ್ದರೆ ನೀರಿನ ಹರಿವು ಸರಿಯಿದೆ, ಗಾಳಿ ಸಾಲದು. ಓಟದಲ್ಲಿ ತಾನಾಗಿ ನುಗ್ಗುವ ಗಾಳಿಯ ಕೆಲಸವನ್ನು ನಿಂತಾಗ ಫ್ಯಾನ್ ಮಾಡಬೇಕು. ಮಾರುತಿಯಲ್ಲಿ ಅದು ಕರೆಂಟಿನ ಫ್ಯಾನ್: ಮೋಟಾರು, ಫ್ಯೂಸ್, ರಿಲೇ, ಥರ್ಮೋ ಸ್ವಿಚ್ ಇವುಗಳಲ್ಲಿ ಯಾವುದೋ ಒಂದು ಸತ್ತಿರುತ್ತದೆ. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಾದರೆ ಫ್ಯಾನನ್ನು ಬೆಲ್ಟ್ ತಿರುಗಿಸುತ್ತದೆ, ಬೆಲ್ಟ್ ಸಡಿಲವಾಗಿದೆಯೇ ನೋಡಬೇಕು. ತದ್ವಿರುದ್ಧವಾಗಿ, ಊರೊಳಗೆ ತಣ್ಣಗಿದ್ದ ಗಾಡಿ ಹೆದ್ದಾರಿಯಲ್ಲಿ ಬಿಸಿಯೇರಿದರೆ ಫ್ಯಾನಿನ ತಪ್ಪಲ್ಲ. ರೇಡಿಯೇಟರ್ ಕಟ್ಟಿದೆ, ವಾಟರ್ ಪಂಪಿನ ರೆಕ್ಕೆಗಳು ಸವೆದಿವೆ, ಇಲ್ಲವೇ ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ಈ ಕೊನೆಯದು ಎಂಜಿನ್ ರೇಸ್ ಮಾಡಿದಾಗಷ್ಟೇ ಕಾಣುತ್ತದೆ, ನಿಲ್ಲಿಸಿ ನೋಡಿದರೆ ಪೈಪು ದುಂಡಗೇ ಇರುತ್ತದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕಷ್ಟಗಳೆಲ್ಲ ಒಟ್ಟುಗೂಡುತ್ತವೆ. ಎರಡನೇ ಗೇರಿನಲ್ಲಿ ಎಂಜಿನ್ ಮೈಮುರಿದು ದುಡಿಯುತ್ತದೆ, ಗಾಡಿ ಮಾತ್ರ ನಿಧಾನ, ಎದುರುಗಾಳಿ ಇಲ್ಲ. ಬಯಲಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದ ದೋಷ ಹೊರಬೀಳುವುದು ಅಲ್ಲೇ.

ನಮ್ಮ ಕಡೆ ರೇಡಿಯೇಟರ್ ಕಟ್ಟಲು ದೊಡ್ಡ ಕಾರಣ ಬೋರ್‌ವೆಲ್ ನೀರು. ಕೂಲೆಂಟ್ ಸೋರಿದಾಗಲೆಲ್ಲ ಕೊಳಾಯಿ ನೀರು ಸುರಿದು ಮುಂದೆ ಹೋಗುವವರೇ ಹೆಚ್ಚು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟಾಗಿ ಲೋಹಕ್ಕೆ ಅಂಟುತ್ತದೆ. ಈ ಬಿಳಿ ಪೊರೆ ಶಾಖವನ್ನು ದಾಟಿಸುವುದು ಅಲ್ಯೂಮಿನಿಯಂ ದಾಟಿಸುವುದರ ಸುಮಾರು ನೂರನೇ ಒಂದು ಪಾಲು. ಅದು ಕಟ್ಟುವುದೂ ಅತಿ ಬಿಸಿಯಾದ ಕಡೆ, ಎಂದರೆ ಶಾಖವನ್ನು ಬೇಗ ಹೊರಹಾಕಬೇಕಾದ ಜಾಗದಲ್ಲೇ. ಮೇಲಿನಿಂದ ನೀರು ಹೊಯ್ದು ತೊಳೆದರೆ ಹೋಗುವಂಥದ್ದಲ್ಲ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರಿನ ಉದ್ದಗಲಕ್ಕೆ ಆಡಿಸಿದರೆ ನಡುವೆ ತಣ್ಣಗಿರುವ ಪಟ್ಟಿಗಳು ಸಿಗಬಹುದು. ಆ ನಳಿಗೆಗಳಲ್ಲಿ ನೀರು ಹರಿಯುತ್ತಿಲ್ಲ. (ಕೊರೊನಾ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ನಡೆಯದು, ಅದರ ಅಳತೆ ಜ್ವರದಾಚೆ ಹೋಗುವುದಿಲ್ಲ.)

ಇನ್ನು ಆ ಬಡಪಾಯಿ ವಾಲ್ವ್. ಅದರೊಳಗಿನ ಮೇಣ ಸುಮಾರು 82ರಿಂದ 88 ಡಿಗ್ರಿಯಲ್ಲಿ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಎಂಜಿನ್ ಹೀಟ್ ಆಗುವುದು ನಿಜ. ಪರೀಕ್ಷೆ ಸುಲಭ: ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ, ಬಾಯಿ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಹೊಸದು ಹಾಕಿ. ವಾಲ್ವೇ ಇಲ್ಲದೆ ಓಡಿಸಿದರೆ ಎಂಜಿನ್ ಬೇಕಾದ ಬಿಸಿಗೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬಿಸಿಯಾದ ಮೇಲೆ ಬೈಪಾಸ್ ದಾರಿ ಮುಚ್ಚುವುದೂ ಇದೇ ವಾಲ್ವ್. ಅಲ್ಲಿ ಇದನ್ನು ಕಿತ್ತರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ, ಹೀಟು ಹೆಚ್ಚುತ್ತದೆ.

ಯಾರೂ ಅನುಮಾನಿಸದ ಭಾಗ ರೇಡಿಯೇಟರ್ ಕ್ಯಾಪ್. ಬೆಂಗಳೂರಿನ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ತಡೆಯುವ ಕ್ಯಾಪ್ ಹಾಕಿದರೆ 115 ದಾಟಿದರೂ ಕುದಿಯದು. ಕ್ಯಾಪಿನ ರಬ್ಬರ್ ಒಣಗಿ ಬಿರಿದರೆ ಈ ಅಂತರ ಹೋಯಿತು. ಲೋಹಕ್ಕೆ ಅಂಟಿದ ನೀರು ಆವಿಯ ಪದರವಾಗುತ್ತದೆ, ಆವಿಗೆ ನೀರಿನಂತೆ ಶಾಖ ಹೀರಲು ಬಾರದು. ದುಬಾರಿ ರಿಪೇರಿಗೆ ಕೈಹಾಕುವ ಮುನ್ನ ಇದನ್ನು ಬದಲಿಸಿ ನೋಡುವುದು ಜಾಣತನ.

ಸ್ಟಾರ್ಟ್ ಮಾಡಿ ಕೆಲವೇ ನಿಮಿಷಕ್ಕೆ ಹೋಸ್ ಗಟ್ಟಿಯಾಗುವುದು, ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಹೊರಗೆಲ್ಲೂ ಸೋರದೆ ಕೂಲೆಂಟ್ ಇಳಿಯುವುದು, ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗುವುದು – ಇವು ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣ. ಅನುಮಾನವಿದ್ದರೆ ರೇಡಿಯೇಟರಿನ ಬಾಯಿಯ ಅನಿಲವನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆಯಿದೆ. ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಅದನ್ನು ಹಳದಿ ಮಾಡುತ್ತದೆ. ಹೆಚ್ಚಿನ ಸಲ ಗ್ಯಾಸ್ಕೆಟ್ ಹೋಗುವುದು ಹಿಂದೊಮ್ಮೆ ಹೀಟ್ ಆದದ್ದರ ಫಲವಾಗಿ. ಹೆಡ್ ಹತ್ತರಲ್ಲೊಂದು ಮಿಲಿಮೀಟರ್ ಬಾಗಿದರೂ ಸಾಕು, ಹೊಸ ಗ್ಯಾಸ್ಕೆಟ್ಟೂ ನಿಲ್ಲದು. ಹಾಗಾಗಿ ಹೆಡ್ಡನ್ನು ಅಳೆಯದೆ ಗ್ಯಾಸ್ಕೆಟ್ ಬದಲಿಸಿದರೆ ದುಡ್ಡು ದಂಡ.

ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರಷ್ಟೇ ಅದು ನಿಜ ಹೇಳುತ್ತದೆ. ನೀರು ಖಾಲಿಯಾಗಿ ಸೆನ್ಸರ್ ಬಯಲಾದರೆ, ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಇಳಿಯಬಹುದು. ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಕೆಳಗೆ ಬಿದ್ದರೆ ತಕ್ಷಣ ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಕ್ಯಾಪ್ ಬಿಚ್ಚಲು ಕನಿಷ್ಠ ಅರ್ಧ ಗಂಟೆ ಕಾಯಬೇಕು.