ಫ್ರಾಂಚೈಸಿ ಆಟಗಾರ

ಫ್ರಾಂಚೈಸಿ ಆಟಗಾರ ಎಂದರೆ ವೃತ್ತಿಪರ ಕ್ರೀಡಾ ಲೀಗ್‌ಗಳಲ್ಲಿ ತಂಡವೊಂದು ತನ್ನ ಕೇಂದ್ರವಾಗಿ ಆರಿಸಿಕೊಂಡು, ಯಾರ ಸುತ್ತ ಉಳಿದ ತಂಡವನ್ನು ಕಟ್ಟುತ್ತದೆಯೋ ಆ ಪ್ರಮುಖ ಆಟಗಾರ. ಈ ಪರಿಕಲ್ಪನೆಯು ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ, ವಿಶೇಷವಾಗಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರೂಢಿಗೆ ಬಂದಿತು. ಭಾರತದಲ್ಲಿ ಇದು 2008ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗ್‌ನ (ಐಪಿಎಲ್) 'ಐಕಾನ್ ಆಟಗಾರ' ಎಂಬ ಹೆಸರಿನಿಂದ ಪರಿಚಿತವಾಯಿತು. ತಂಡದ ವೆಚ್ಚಕ್ಕೆ ಮಿತಿ ಇರುವ ಲೀಗ್‌ಗಳಲ್ಲಿ ಒಬ್ಬ ತಾರಾ ಆಟಗಾರನಿಗೆ ನೀಡುವ ಹಣವು ಇತರ ಆಟಗಾರರಿಗೆ ದೊರೆಯಬಹುದಾದ ಹಣವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಯಾರನ್ನು ಆರಿಸಬೇಕು ಎಂಬ ಪ್ರಶ್ನೆಯ ಜೊತೆಗೆ, ಆತನಿಗೆ ಜೊತೆಯಾಗಿ ಯಾರು ಇರಬೇಕು ಎಂಬ ಪ್ರಶ್ನೆಯೂ ಏಳುತ್ತದೆ.

ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ (ಎನ್‌ಬಿಎ) ಲೀಗ್‌ನಲ್ಲಿ ಹೊಸ ಆಟಗಾರರನ್ನು 'ಡ್ರಾಫ್ಟ್' ಎಂಬ ಸರದಿಯ ಆಯ್ಕೆಯ ಮೂಲಕ ತಂಡಗಳು ಪಡೆಯುತ್ತವೆ. 1984ರ ಡ್ರಾಫ್ಟ್ ಈ ವಿಷಯದಲ್ಲಿ ಬಹುವಾಗಿ ಚರ್ಚಿತವಾದ ಉದಾಹರಣೆ. ಮೊದಲ ಸರದಿಯಲ್ಲಿ ಹ್ಯೂಸ್ಟನ್ ತಂಡವು ಹಕೀಮ್ ಒಲಾಜುವಾನ್‌ರನ್ನು ಆರಿಸಿತು. ಎರಡನೆಯ ಸರದಿ ಪೋರ್ಟ್‌ಲ್ಯಾಂಡ್ ತಂಡದ್ದಾಗಿತ್ತು. ಆ ತಂಡದಲ್ಲಿ ಕ್ಲೈಡ್ ಡ್ರೆಕ್ಸ್ಲರ್ ಎಂಬ ಸಮರ್ಥ ಗಾರ್ಡ್ ಆಟಗಾರ ಅದಾಗಲೇ ಇದ್ದುದರಿಂದ, ಎತ್ತರದ ಸೆಂಟರ್ ಆಟಗಾರ ಸ್ಯಾಮ್ ಬೋವಿ ಅವರನ್ನು ಅದು ಆರಿಸಿತು. ಮೂರನೆಯವರಾಗಿ ಉಳಿದ ಮೈಕಲ್ ಜೋರ್ಡನ್ ಶಿಕಾಗೊ ತಂಡಕ್ಕೆ ದೊರೆತರು. ಬೋವಿ ಅವರ ಕ್ರೀಡಾಜೀವನಕ್ಕೆ ಗಾಯಗಳು ಅಡ್ಡಿಯಾದವು. ಜೋರ್ಡನ್ ಶಿಕಾಗೊ ತಂಡದೊಡನೆ ಆರು ಪ್ರಶಸ್ತಿಗಳನ್ನು ಗೆದ್ದರು.

ಈ ಘಟನೆಯಿಂದ, ತತ್ಕಾಲದ ಕೊರತೆಯನ್ನು ತುಂಬುವುದಕ್ಕಿಂತ ಶ್ರೇಷ್ಠ ಪ್ರತಿಭೆಯನ್ನು ಆರಿಸುವುದೇ ಮೇಲು ಎಂಬ ಪಾಠವನ್ನು ಹೇಳುವುದುಂಟು. ಆದರೆ ಜೋರ್ಡನ್‌ರ ಮೊದಲ ಪ್ರಶಸ್ತಿಯೂ 1991ರಲ್ಲಿ, ಅವರ ಏಳನೆಯ ಋತುವಿನಲ್ಲಿ ಬಂದಿತು. ಅಷ್ಟರಲ್ಲಿ ಸ್ಕಾಟಿ ಪಿಪ್ಪೆನ್ ತಂಡವನ್ನು ಸೇರಿದ್ದರು ಮತ್ತು ಫಿಲ್ ಜಾಕ್ಸನ್ ತರಬೇತುದಾರರಾಗಿದ್ದರು.

ಆಟದ ಸ್ವರೂಪ ಮತ್ತು ಒಬ್ಬರ ಪ್ರಭಾವ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದ ಐವರು ಮಾತ್ರ ಅಂಕಣದಲ್ಲಿರುತ್ತಾರೆ. ಉತ್ತಮ ಆಟಗಾರನು ಪಂದ್ಯದ ಹೆಚ್ಚಿನ ಅವಧಿಯನ್ನು ಅಂಕಣದಲ್ಲಿಯೇ ಕಳೆದು, ಚೆಂಡು ಎಸೆಯುವುದು, ಹಂಚುವುದು ಮತ್ತು ರಕ್ಷಿಸುವುದು ಈ ಮೂರರಲ್ಲಿಯೂ ಭಾಗಿಯಾಗುತ್ತಾನೆ.

ಕ್ರಿಕೆಟ್‌ನಲ್ಲಿ ಹನ್ನೊಂದು ಮಂದಿ ಆಡುತ್ತಾರೆ. ಇಪ್ಪತ್ತು ಓವರ್‌ಗಳ ಪಂದ್ಯದಲ್ಲಿ ಒಂದು ಇನಿಂಗ್ಸ್‌ಗೆ 120 ಎಸೆತಗಳಿದ್ದು, ಒಬ್ಬ ಬೌಲರ್ ನಾಲ್ಕು ಓವರ್‌ಗಳಿಗಿಂತ, ಅಂದರೆ 24 ಎಸೆತಗಳಿಗಿಂತ, ಹೆಚ್ಚು ಬೌಲ್ ಮಾಡುವಂತಿಲ್ಲ. ಬ್ಯಾಟರ್ ಎಷ್ಟೇ ಸಮರ್ಥನಾದರೂ ಎದುರಾಳಿಯ ಇನಿಂಗ್ಸ್‌ನಲ್ಲಿ ಆತನ ಪಾತ್ರ ಕ್ಷೇತ್ರರಕ್ಷಣೆ ಮತ್ತು ನಾಯಕತ್ವಕ್ಕೆ ಸೀಮಿತ. ಹೀಗಾಗಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಫಲ ನೀಡುವ ಈ ವಿಧಾನವು ಕ್ರಿಕೆಟ್‌ನಲ್ಲಿ ಅಷ್ಟೇ ಫಲ ನೀಡುವುದಿಲ್ಲ.

ಐಪಿಎಲ್‌ನ ಐಕಾನ್ ಆಟಗಾರರು

2008ರ ಮೊದಲ ಹರಾಜಿಗೆ ಮುನ್ನ ಐವರು ಆಟಗಾರರನ್ನು ಅವರವರ ಊರಿನ ಅಥವಾ ರಾಜ್ಯದ ತಂಡಗಳಿಗೆ ಐಕಾನ್ ಆಟಗಾರರೆಂದು ನಿಗದಿಪಡಿಸಲಾಯಿತು. ಮುಂಬೈಗೆ ಸಚಿನ್ ತೆಂಡೂಲ್ಕರ್, ಬೆಂಗಳೂರಿಗೆ ರಾಹುಲ್ ದ್ರಾವಿಡ್, ಕೋಲ್ಕತ್ತಕ್ಕೆ ಸೌರವ್ ಗಂಗೂಲಿ, ಪಂಜಾಬ್‌ಗೆ ಯುವರಾಜ್ ಸಿಂಗ್ ಹಾಗೂ ದೆಹಲಿಗೆ ವೀರೇಂದ್ರ ಸೆಹವಾಗ್ ಈ ಸ್ಥಾನ ಪಡೆದರು. ತಂಡದ ಇತರರಲ್ಲಿ ಅತಿ ಹೆಚ್ಚು ಮೊತ್ತ ಪಡೆದ ಆಟಗಾರನಿಗಿಂತ ಐಕಾನ್ ಆಟಗಾರನಿಗೆ ಶೇ. 15ರಷ್ಟು ಹೆಚ್ಚು ಸಂಭಾವನೆ ನೀಡಬೇಕೆಂಬುದು ನಿಯಮವಾಗಿತ್ತು. ಬೆಂಗಳೂರು ತಂಡವು ಜಾಕ್ ಕಾಲಿಸ್‌ರನ್ನು 9 ಲಕ್ಷ ಡಾಲರ್‌ಗೆ ಕೊಂಡುದರಿಂದ ದ್ರಾವಿಡ್ ಅವರ ಸಂಭಾವನೆ 10.35 ಲಕ್ಷ ಡಾಲರ್ ಆಯಿತು. ತಂಡಕ್ಕಿದ್ದ ಒಟ್ಟು ಮಿತಿ 50 ಲಕ್ಷ ಡಾಲರ್. ಅದರ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಒಬ್ಬರಿಗೇ ಸಂದಿತು.

ಹೈದರಾಬಾದ್‌ನ ವಿ.ವಿ.ಎಸ್. ಲಕ್ಷ್ಮಣ್ ತಂಡಕ್ಕೆ ಹೆಚ್ಚು ಹಣ ಉಳಿಯಲೆಂದು ಐಕಾನ್ ಸ್ಥಾನವನ್ನು ಬಿಟ್ಟುಕೊಟ್ಟರು. ಚೆನ್ನೈ ಮತ್ತು ರಾಜಸ್ಥಾನ ತಂಡಗಳಿಗೂ ಐಕಾನ್ ಆಟಗಾರರಿರಲಿಲ್ಲ. ಚೆನ್ನೈ ತಂಡ ಮಹೇಂದ್ರ ಸಿಂಗ್ ಧೋನಿಯವರನ್ನು ಹರಾಜಿನಲ್ಲಿಯೇ 15 ಲಕ್ಷ ಡಾಲರ್‌ಗೆ ಕೊಂಡಿತು. ಆ ವರ್ಷದ ಫೈನಲ್ ತಲುಪಿದವು ಈ ಎರಡು ತಂಡಗಳೇ. ಶೇನ್ ವಾರ್ನ್ ನಾಯಕತ್ವದ ರಾಜಸ್ಥಾನ ಪ್ರಶಸ್ತಿ ಗೆದ್ದಿತು. ಬೆಂಗಳೂರು 14 ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದು, ಎಂಟು ತಂಡಗಳಲ್ಲಿ ಏಳನೆಯದಾಯಿತು.

ಬೆಂಗಳೂರು ತಂಡ ಮತ್ತು ವಿರಾಟ್ ಕೊಹ್ಲಿ

2008ರಲ್ಲಿ 19 ವರ್ಷದೊಳಗಿನ ಆಟಗಾರರಿಗೆ ಪ್ರತ್ಯೇಕ ಡ್ರಾಫ್ಟ್ ನಡೆಯಿತು. ದೆಹಲಿಯವರೇ ಆದ ವಿರಾಟ್ ಕೊಹ್ಲಿಯವರನ್ನು ದೆಹಲಿ ತಂಡ ಆರಿಸಲಿಲ್ಲ. ಆ ತಂಡದಲ್ಲಿ ಸೆಹವಾಗ್, ಗೌತಮ್ ಗಂಭೀರ್ ಮೊದಲಾದ ಬ್ಯಾಟರ್‌ಗಳಿದ್ದ ಕಾರಣ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರಿಗೆ ಅವಕಾಶ ದೊರೆಯಿತು. ಕೊಹ್ಲಿ 30 ಸಾವಿರ ಡಾಲರ್‌ಗೆ ಬೆಂಗಳೂರಿನ ಪಾಲಾದರು. 1984ರಲ್ಲಿ ಪೋರ್ಟ್‌ಲ್ಯಾಂಡ್ ಮಾಡಿದ ಆಯ್ಕೆಯೊಡನೆ ಇದಕ್ಕೆ ಹೋಲಿಕೆ ಇದೆ.

2009ರಲ್ಲಿ ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ಬೆಂಗಳೂರು ಫೈನಲ್ ತಲುಪಿ, ಹೈದರಾಬಾದ್ ಎದುರು 6 ರನ್‌ಗಳಿಂದ ಸೋತಿತು. 2011ರ ಹರಾಜಿಗೆ ಮುನ್ನ ತಂಡವು ಉಳಿಸಿಕೊಂಡ ಏಕೈಕ ಆಟಗಾರ ಕೊಹ್ಲಿ. ದ್ರಾವಿಡ್ ರಾಜಸ್ಥಾನ ತಂಡಕ್ಕೆ ತೆರಳಿದರು. 2013ರಿಂದ 2021ರವರೆಗೆ ಕೊಹ್ಲಿ ತಂಡದ ನಾಯಕರಾಗಿದ್ದರು. 2016ರಲ್ಲಿ ಅವರು ನಾಲ್ಕು ಶತಕಗಳೊಡನೆ 973 ರನ್ ಗಳಿಸಿದರು. ಎಬಿ ಡಿವಿಲಿಯರ್ಸ್ 687 ರನ್ ಗಳಿಸಿದರು. ಬೆಂಗಳೂರಿನಲ್ಲಿಯೇ ನಡೆದ ಆ ವರ್ಷದ ಫೈನಲ್‌ನಲ್ಲಿ ಎದುರಾಳಿ ಸನ್‌ರೈಸರ್ಸ್ 208 ರನ್ ಗಳಿಸಿತು. ಕೊಹ್ಲಿ ಮತ್ತು ಕ್ರಿಸ್ ಗೇಲ್ ಮೊದಲ ವಿಕೆಟ್‌ಗೆ 114 ರನ್ ಸೇರಿಸಿದರೂ ಬೆಂಗಳೂರು 8 ರನ್‌ಗಳಿಂದ ಸೋತಿತು. ಮರುವರ್ಷ ತಂಡವು ಕೊನೆಯ ಸ್ಥಾನಕ್ಕೆ ಇಳಿಯಿತು. ಬ್ಯಾಟಿಂಗ್ ತಾರೆಗಳಿಗೆ ಹೆಚ್ಚು ಒತ್ತು ನೀಡಿ ಬೌಲಿಂಗನ್ನು ಕಡೆಗಣಿಸಲಾಗಿದೆ ಎಂಬ ಟೀಕೆ ಈ ಅವಧಿಯಲ್ಲಿ ಪದೇ ಪದೇ ಕೇಳಿಬಂದಿತು.

2025ರ ಋತುವಿಗೆ ತಂಡವು 120 ಕೋಟಿ ರೂಪಾಯಿಗಳ ಮಿತಿಯಲ್ಲಿ 21 ಕೋಟಿ ನೀಡಿ ಕೊಹ್ಲಿಯವರನ್ನು ಉಳಿಸಿಕೊಂಡಿತು. ಹರಾಜಿನಲ್ಲಿ ಜೋಶ್ ಹೇಜಲ್‌ವುಡ್ (12.50 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ) ಮತ್ತು ಕೃಣಾಲ್ ಪಾಂಡ್ಯ (5.75 ಕೋಟಿ) ಅವರನ್ನು ಕೊಂಡಿತು. ರಜತ್ ಪಾಟಿದಾರ್ ನಾಯಕರಾದರು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು, ಹದಿನೆಂಟನೆಯ ಋತುವಿನಲ್ಲಿ ಮೊದಲ ಪ್ರಶಸ್ತಿ ಪಡೆಯಿತು. ನಾಲ್ಕು ಓವರ್‌ಗಳಲ್ಲಿ 17 ರನ್ ನೀಡಿ ಎರಡು ವಿಕೆಟ್ ಪಡೆದ ಕೃಣಾಲ್ ಪಂದ್ಯಶ್ರೇಷ್ಠರಾದರು. ತಂಡದ ಕೇಂದ್ರವಾಗಿದ್ದ ಆಟಗಾರ ಬದಲಾಗಿರಲಿಲ್ಲ. ಆತನ ಸುತ್ತಲಿನ ತಂಡ ಬದಲಾಗಿತ್ತು.

ಮಹಿಳಾ ತಂಡ

2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಬೆಂಗಳೂರು ತಂಡವು ಸ್ಮೃತಿ ಮಂಧಾನ ಅವರನ್ನು 3.40 ಕೋಟಿ ರೂಪಾಯಿಗೆ ಕೊಂಡಿತು. ಇದು 12 ಕೋಟಿಯ ಒಟ್ಟು ಮಿತಿಯ ಕಾಲು ಭಾಗಕ್ಕಿಂತ ಹೆಚ್ಚು. ಮೊದಲ ವರ್ಷ ಐದು ತಂಡಗಳಲ್ಲಿ ನಾಲ್ಕನೆಯದಾದ ಈ ತಂಡ, 2024ರಲ್ಲಿ ಮಂಧಾನ ನಾಯಕತ್ವದಲ್ಲಿಯೇ ಪ್ರಶಸ್ತಿ ಗೆದ್ದಿತು. ಆ ಋತುವಿನಲ್ಲಿ ಅತಿ ಹೆಚ್ಚು ರನ್ ಗಳಿಸಿದ ಎಲಿಸ್ ಪೆರಿ ಮತ್ತು ಅತಿ ಹೆಚ್ಚು ವಿಕೆಟ್ ಪಡೆದ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ಇಬ್ಬರೂ ಇದೇ ತಂಡದವರು.

ಹರಾಜಿಲ್ಲದ ಕಾಲದ ಒಂದು ಉದಾಹರಣೆ

ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಯಲ್ಲಿ ಹರಾಜು ಇಲ್ಲ. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ 1970ರ ದಶಕದಲ್ಲಿ ಕರ್ನಾಟಕದ ಬ್ಯಾಟಿಂಗ್‌ನ ಆಧಾರವಾಗಿದ್ದರು. 1973–74ರ ಸೆಮಿಫೈನಲ್‌ನಲ್ಲಿ ಅವರು 162 ಹಾಗೂ ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಸತತ 15 ಬಾರಿ ಪ್ರಶಸ್ತಿ ಗೆದ್ದಿದ್ದ ಬಾಂಬೆ ತಂಡವನ್ನು ಕರ್ನಾಟಕವು ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದಲ್ಲಿ ಹೊರಹಾಕಿ, ಬಳಿಕ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಪಡೆಯಿತು. ವಿಶ್ವನಾಥರ ರನ್‌ಗಳಿಗೆ ಬೆಲೆ ಬಂದುದು, ಬಾಂಬೆಯನ್ನು ಅದಕ್ಕಿಂತ ಕಡಿಮೆ ಮೊತ್ತಕ್ಕೆ ಕಟ್ಟಿಹಾಕಬಲ್ಲ ನಾಯಕ ಎರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್ ಅವರಂತಹ ಸ್ಪಿನ್ ಬೌಲರ್‌ಗಳು ಅದೇ ತಂಡದಲ್ಲಿದ್ದುದರಿಂದ.